ಹಲ್ಲು ಹೋದ್ರ ಹೋತು ಅಂದಿದ್ವಿ

ದೀಪಾವಳಿಗೆ ನಮ್ಮನ್ಯಾಗ ಯಾಕ ಯಾರನ್ನೂ ಅರಿಶಿಣ ಕುಂಕುಮಕ್ಕ ಕರೀಲಿಲ್ಲಾ, ತುಳಸಿ ಲಗ್ನಕ್ಕ ನಮ್ಮ ಅತ್ತಿಯವರು ಯಾಕ ಹೊರಗ ಕಾಣಲಿಲ್ಲಾ ಅಂತ ಓಣ್ಯಾಗ ಭಾಳ ಮಂದಿ ಕೇಳಿದ್ರಿ. ಫೋನಿನ್ಯಾಗ ಒಬ್ಬೊಬ್ಬರಿಗೆ ಒಂದೊಂದು ನಮೂನಿ ಹೇಳಿದೆ. "ಹಲ್ಲಿಂದ ಶುರು ಆಗಿ ಮೊಣಕಾಲಿಗೆ ಹೋಗಿತ್ತು" ಅಂದ್ರ ಸಾಕು, "ಏ ಹೋಗ, ಎಲ್ಲಿ ಹಲ್ಲು ಎಲ್ಲಿ ಮೊಣಕಾಲು" ಅಂತ ನಗತೀರಿ. ನಿಮ್ಮ ತಪ್ಪಲ್ಲಾ. ಡಾಕ್ಟರ್ ಹೇಳಿದಾಗ ನನಗೂ ಹಂಗ ಅನಿಸಿತ್ತು.

ಅದಕ್ಕ ಈ ಸಲ ಅಡಗಿ ಬದಿಗಿಟ್ಟು ಇದನ್ನ ಪೂರಾ ಬರದು ಬಿಡ್ತೀನಿ. ಇದರಾಗ ನಾ ಮಾಡಿದ್ದೊಂದು ತಪ್ಪೂ ಅದ. ಅದನ್ನ ಇನ್ನೂ ನಮ್ಮ ನಾದಿನಿಗೆ ಹೇಳಿಲ್ಲಾ. ಓದಿದ ಮ್ಯಾಲೆ ಅಕಿ ಫೋನ್ ಮಾಡ್ತಾಳ. ಮಾಡ್ಲಿ.

ನಮ್ಮ ಅತ್ತಿಯವರಿಗೆ ಈಗ 74. ಐದು ವರ್ಷದ ಹಿಂದ ಬಲಗಾಲಿನ ಮೊಣಕಾಲು ಬದಲಿ ಮಾಡಿಸಿದ್ವಿ. ಅದು ಆದ ಮ್ಯಾಲೆ ಅವರು ಮೊದಲಿನಕಿಂತ ಗಟ್ಟಿ ಆಗಿದ್ರು. ಮಾಳಗಿ ಹತ್ತಿ ಶಂಡಿಗಿ ಒಣಾ ಹಾಕೋರು, ಬೆಳಿಗ್ಗೆ ಗುಡಿಗೆ ನಡಕೋತ ಹೋಗಿ ಬರೋರು. ಹಲ್ಲು ಮಾತ್ರ ಅವರದು ಮೊದಲಿಂದನೂ ಅಷ್ಟಕಷ್ಟ. ಎಲಿ ಅಡಕಿ ಅಂದ್ರ ಜೀವ. ಅಡಕಿ ಕಡೀಲಿಕ್ಕೆ ಆಗಲಾರದ್ದಕ್ಕ ಕುಟ್ಟಾಣಿ ಒಳಗ ಕುಟ್ಟಿ ಹಾಕೋತಿದ್ರು, ಬಿಡ್ತಿದ್ದಿಲ್ಲಾ.

ಈ ವರ್ಷ ನಾಗರ ಪಂಚಮಿ ದಿವಸ ಶೇಂಗಾ ಉಂಡಿ ಕಡದಾಗ ಎಡಗಡೆ ಕೆಳಗಿನ ದವಡಿ ಹಲ್ಲು ಅರ್ಧ ಮುರೀತು. ಅರ್ಧ ಕೈಯಾಗ ಬಂತು, ಅರ್ಧ ಒಳಗ ಉಳೀತು. ಅವರು ಅದನ್ನ ಅಂಗೈ ಮ್ಯಾಲೆ ಇಟಕೊಂಡು ನೋಡಿ, "ಹಲ್ಲು ಹೋದ್ರ ಹೋತು, ಜೀವ ಹೋಗಲಿಲ್ಲಲಾ" ಅಂತ ನಕ್ಕರು. ನಾವೂ ನಕ್ವಿ.

ನೋವು ಬಂದಾಗ ಲವಂಗ ಇಟ್ಟೆ, ಉಪ್ಪಿನ ನೀರು ಮುಕ್ಕಳಸಲಿಕ್ಕೆ ಕೊಟ್ಟೆ. ದಂತ ವೈದ್ಯರ ಕಡೆ ಹೋಗೋಣ್ರಿ ಅಂದ್ರ, ಶ್ರಾವಣ ಮುಗೀಲಿ ಅಂದ್ರು. ಶ್ರಾವಣ ಮುಗಿಯೋದ್ರಾಗ ಗಣಪತಿ ಬಂದ. ಗಣಪತಿ ಹೋದ ಮ್ಯಾಲೆ ಪಕ್ಷಮಾಸ, ಮಾವನವರ ಶ್ರಾದ್ಧ. ಅದಾದ ಮ್ಯಾಲೆ ನವರಾತ್ರಿ, ಘಟಸ್ಥಾಪನಾ, ಒಂಬತ್ತು ದಿವಸದ ದೀಪ. ಖರೇ ಹೇಳಬೇಕಂದ್ರ ಅವರು ಬ್ಯಾಡ ಅಂದದ್ದು ನನಗೂ ಅನಕೂಲನ ಆಗಿತ್ತು. ಯಾರು ಹೋಗಬೇಕು, ಯಾರು ಕೂಡಬೇಕು, ಮನ್ಯಾಗ ಯಾರು ನೋಡಬೇಕು. ನಡುವ ಒಂದು ಸಲ ಒಸಡಿನ ಮ್ಯಾಲೆ ಸಣ್ಣ ಗುಳ್ಳಿ ಎದ್ದು ಒಡದಿತ್ತಂತ. "ಬಾಯಿ ಉಪ್ಪುಪ್ಪಾತು, ಆಮ್ಯಾಲೆ ನೋವು ಹೋತು ನೋಡು" ಅಂದ್ರು. ನೋವು ಹೋತಲಾ ಅಂತ ನಾ ಸುಮ್ಮನಾದೆ. ಅದು ಕೀವು ಅನ್ನೋದು ತಲಿಗೆ ಹೋಗಲಿಲ್ಲಾ.

ದಸರಾ ದಿವಸ ಸಂಜಿಕೆ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂದು ಬಂದು ಮಲಕೊಂಡವರಿಗೆ ರಾತ್ರಿ ಎರಡು ಗಂಟೆಕ್ಕ ಚಳಿ ಹತ್ತಿತು. ಚಳಿ ಅಂದ್ರ ಎಂಥಾ ಚಳಿ, ಮಂಚ ಅಳ್ಳಾಡತಿತ್ತು. ಎರಡು ಕೌದಿ ಹೊಚ್ಚಿದ್ರೂ ನಿಲ್ಲವೊಲ್ದು. ಆಮ್ಯಾಲೆ ಜ್ವರ ಏರಿತು.

ಈಗ ನನ್ನ ತಪ್ಪಿಗೆ ಬರ್ತೀನಿ.

ನಮ್ಮನ್ಯಾಗ ಒಂದು ಸ್ಟೀಲಿನ ಡಬ್ಬಿ ಅದ. ನಿಮ್ಮ ಮನ್ಯಾಗೂ ಇರ್ತದ. ಉಳದ ಗುಳಗಿ ಎಲ್ಲಾ ಅದರಾಗ. ಆರು ತಿಂಗಳ ಹಿಂದ ಮಗಗ ಗಂಟಲು ನೋವು ಆದಾಗ ಕೊಟ್ಟ ಆಂಟಿಬಯಾಟಿಕ್ ನಾಲ್ಕು ಗುಳಗಿ ಉಳದಿದ್ವು. ಅಂವಾ ಅರಾಮ ಆದ ಕೂಡಲೇ ಬಿಟ್ಟಿದ್ದ. ರೊಕ್ಕ ಕೊಟ್ಟು ತಂದದ್ದು ಅಂತ ನಾ ಇಟ್ಟಿದ್ದೆ. ಜ್ವರದ ಗುಳಗಿ ಜೊತಿ ಅದನ್ನೂ ಅತ್ತಿಯವರಿಗೆ ಮುಂಜಾನಿ ಒಂದು ಸಂಜಿಕೊಂದು ಅಂತ ಎರಡು ದಿವಸ ಕೊಟ್ಟೆ. ಜ್ವರ ಇಳೀತು. ನಾ ನಮ್ಮ ಮನಿಯವರ ಮುಂದ, "ನೋಡ್ರಿ, ದವಾಖಾನಿ ಖರ್ಚು ಉಳಸಿದೆ" ಅಂತ ಹೇಳಿಕೊಂಡೆ.

ಮೂರನೇ ದಿವಸ ಮುಂಜಾನಿ ಅತ್ತಿಯವರು ಮಂಚದಿಂದ ಏಳಲಿಲ್ಲಾ. ಬಲಗಾಲಿನ ಮೊಣಕಾಲು ಊದಿ ಸಣ್ಣ ಕುಂಬಳಕಾಯಿ ಆಗಿತ್ತು. ಮುಟ್ಟಿದ್ರ ಹಂಚು ಮುಟ್ಟಿದಂಗ ಬಿಸಿ. ಕಾಲು ನೆಲಕ್ಕ ಊರಲಿಕ್ಕೆ ಆಗವೊಲ್ದು. ನೋವಿಗೆ ಎಂದೂ ಅಳಲಾರದವರು, ಅವತ್ತು ಸೆರಗು ಬಾಯಿಗಿಟ್ಟುಕೊಂಡು ಅತ್ತರು.

ಮೊಣಕಾಲು ಬದಲಿ ಮಾಡಿದ ಡಾಕ್ಟರ ಹತ್ರನ ಹುಬ್ಬಳ್ಳಿಗೆ ಕರಕೊಂಡು ಹೋದ್ವಿ. ಅವರು ನೋಡಿದ ಕೂಡಲೇ ಮುಖ ಸಣ್ಣ ಮಾಡಿದ್ರು. ಮೊಣಕಾಲಿಗೆ ಸೂಜಿ ಹಾಕಿ ನೀರು ತಗದ್ರು. ಕೀಲಿನ ನೀರು ತಿಳಿ ಇರಬೇಕಂತ. ಇವರದು ಅಕ್ಕಿ ತೊಳದ ನೀರಿನಂಗ ಬೆಳ್ಳಗ ಇತ್ತು. ಎರಡೂ ಕೈಯಿಂದ ಬ್ಯಾರೆ ಬ್ಯಾರೆ ರಕ್ತ ತಗೊಂಡ್ರು. ಅದನ್ನ ಬಾಟ್ಲಿ ಒಳಗ ಹಾಕಿ ಬೆಚ್ಚಗ ಇಟ್ಟು, ಕ್ರಿಮಿ ಬೆಳೀತಾವೇನು ಅಂತ ನೋಡ್ತಾರ. ಕಲ್ಚರ್ ಅಂತಾರ ಅದಕ್ಕ.

"ಮನ್ಯಾಗ ಯಾವುದಾದರೂ ಆಂಟಿಬಯಾಟಿಕ್ ಕೊಟ್ಟಿದ್ರೇನ್ರೀ?" ಅಂತ ಕೇಳಿದ್ರು.

ಬಾಜೂಕ ನಾದಿನಿ ನಿಂತಿದ್ಲು. ಬೆಳಗಾವಿಯಿಂದ ಓಡಿ ಬಂದಿದ್ಲು ಪಾಪ, ಬಂದಾಗಿನಿಂದ "ಮೊದಲನೇ ದಿವಸನ ಯಾಕ ತೋರಸಲಿಲ್ಲಾ ವೈನಿ" ಅಂತ ಕೇಳಲಿಕತ್ತಿದ್ಲು. ನಾ ಅಂದೆ, "ಇಲ್ರೀ, ಬರೇ ಜ್ವರದ ಗುಳಗಿ."

ಆ ಒಂದು ಮಾತು ನನಗ ಎಷ್ಟು ತ್ರಾಸ ಕೊಡ್ತದ ಅಂತ ಆವಾಗ ಗೊತ್ತಾಗಲಿಲ್ಲಾ. ಮರುದಿವಸ ಆಪರೇಶನ್ ಮಾಡಿದ್ರು. ಮೊಣಕಾಲು ತಗದು ಒಳಗೆಲ್ಲಾ ತೊಳದು, ಎರಡು ಲೋಹದ ನಡುವ ಇರೋ ಪ್ಲಾಸ್ಟಿಕ್ ತುಂಡು ತಗದು ಹೊಸಾದು ಹಾಕಿದ್ರು. ಒಳಗಿನ ಮಾಂಸದ ಚೂರೂ ನಾಲ್ಕೈದು ಕಡೆಯಿಂದ ತಗದು ಕಲ್ಚರ್‌ಗೆ ಕಳಿಸಿದ್ರು. ಲೋಹ ತಗೀಲಿಲ್ಲಾ. ಊತ ಬಂದು ಭಾಳ ದಿವಸ ಆಗಿಲ್ಲಾ ಅಂದ್ರ ಹಿಂಗ ತೊಳದು ಉಳಸಲಿಕ್ಕೆ ಬರ್ತದ, ತಡಾ ಆಗಿದ್ರ ಪೂರಾ ಮೊಣಕಾಲೇ ತಗದು ಹಾಕಬೇಕಾಗ್ತಿತ್ತು ಅಂದ್ರು.

ಯಾಕ ತೊಳೀಬೇಕು, ಬರೇ ಔಷಧ ಸಾಲೂದಿಲ್ಲೇನು ಅಂತ ಕೇಳಿದ್ದಕ್ಕ ಡಾಕ್ಟರ್ ಒಂದು ಮಾತು ಹೇಳಿದ್ರು. ನೀರಿನ ಕೊಡ ನಾಲ್ಕು ದಿವಸ ತಿಕ್ಕಲಿಲ್ಲಾ ಅಂದ್ರ ಒಳಗ ಲೋಳಿ ಕಟ್ಟತದಲಾ, ನೀರು ಹಾಕಿ ಕುಲುಕಿದ್ರ ಹೋಗೂದಿಲ್ಲಾ, ತಿಕ್ಕೇ ತಗೀಬೇಕು. ಕ್ರಿಮಿಗಳು ಲೋಹದ ಮ್ಯಾಲೆ ಹಂಗ ಲೋಳಿ ಕಟ್ಟಿಕೊಂಡು ಕೂಡತಾವ, ಅದರೊಳಗ ಔಷಧ ಸರಿಯಾಗಿ ಇಳಿಯೂದಿಲ್ಲಾ. ನಮ್ಮ ಹಲ್ಲಿನ ಮ್ಯಾಲೆ ಮುಂಜಾನಿ ಜಿಗಟಜಿಗಟ ಇರ್ತದಲಾ, ಅದೂ ಅದೇ ಜಾತಿ ಲೋಳಿನ ಅಂತ. ಅದಕ್ಕ ಹಲ್ಲು ಮುಕ್ಕಳಿಸಿದ್ರ ಸಾಲೂದಿಲ್ಲಾ, ತಿಕ್ಕಬೇಕು.

ಎರಡು ದಿವಸ ಆದ್ರೂ ಬಾಟ್ಲಿ ಒಳಗ ಏನೂ ಬೆಳೀಲಿಲ್ಲಾ. ಡಾಕ್ಟರ್ ಬಂದು, "ಕೀವು ಅದ, ಕ್ರಿಮಿ ಯಾವುದು ಅಂತ ಸಿಗವೊಲ್ದು. ಯಾವ ಔಷಧ ಕೊಡಬೇಕು ಅನ್ನೋದು ಕತ್ತಲಾಗ ಹುಡುಕಿದಂಗ ಆಗೇದ" ಅಂದ್ರು. ನಾದಿನಿ ಮತ್ತ ನನ್ನ ಮುಖ ನೋಡಿದ್ಲು. ನಾ ನೆಲ ನೋಡಿದೆ.

ಅವತ್ತು ರಾತ್ರಿ ನನಗ ನಿದ್ದಿ ಹತ್ತಲಿಲ್ಲಾ. ಅತ್ತಿಯವರು ನಿದ್ದಿಗಣ್ಣಾಗ "ಗುಡಿಗೆ ಹೋಗೋ ಹೊತ್ತಾತು, ಚಪ್ಪಲಿ ಎಲ್ಲಿ" ಅಂದ್ರು. ಮೂವತ್ತು ವರ್ಷ ಆತು ನಾ ಈ ಮನಿಗೆ ಬಂದು. ನನ್ನ ಎರಡೂ ಬಾಣಂತನದಾಗ ನನಗ ಬಿಸಿ ನೀರು ಹಾಕಿದವರು ಅವರು. ಎದ್ದು ಹೊರಗ ಹೋಗಿ ಡ್ಯೂಟಿ ಡಾಕ್ಟರ್ ಹುಡುಗಿ ಮುಂದ ಎಲ್ಲಾ ಹೇಳಿಬಿಟ್ಟೆ. ನಾಲ್ಕು ಗುಳಗಿ, ಎರಡು ದಿವಸ, ಡಬ್ಬಿ, ಸುಳ್ಳು ಹೇಳಿದ್ದು, ಎಲ್ಲಾ. ಅಕಿ ನನ್ನ ಮಗಳ ವಾರಿಗಿ. ಬೈಲಿಲ್ಲಾ. "ಈಗಾದರೂ ಹೇಳಿದ್ರಲ್ಲಾ ಆಂಟಿ, ಛಲೋ ಆತು. ಬಾಟ್ಲಿ ಇನ್ನೂ ಜಾಸ್ತಿ ದಿವಸ ಇಟ್ಟು ನೋಡ್ಲಿಕ್ಕೆ ಹೇಳ್ತೀನಿ" ಅಂದ್ಲು. ಆಮ್ಯಾಲೆ ಬಾಯಿಯೊಳಗ ಏನರ ತ್ರಾಸ ಇತ್ತೇನು, ಚರ್ಮದ ಮ್ಯಾಲೆ ಗಾಯ ಇತ್ತೇನು, ಉರಿಮೂತ್ರ ಇತ್ತೇನು ಅಂತ ಒಂದೊಂದ ಕೇಳಿದ್ಲು. ಆವಾಗ ಹಲ್ಲಿಂದು ಹೇಳಿದೆ. ಅಕಿ ಆಗಿಂದಾಗ ಬ್ಯಾಟರಿ ಹಿಡಕೊಂಡು ಬಂದು ಅತ್ತಿಯವರ ಬಾಯಿ ತಗಸಿ ನೋಡಿದ್ಲು. ಮುರದ ಹಲ್ಲಿನ ಬುಡಕ್ಕ ಒಸಡು ಕೆಂಪಗ ಊದಿತ್ತು. ಒತ್ತಿದ್ರ ಕೀವು.

ಐದನೇ ದಿವಸ ರಕ್ತದಾಗ ಅಲ್ಲಾ, ಮೊಣಕಾಲಿನ ಮಾಂಸದ ಚೂರಿನ್ಯಾಗ ಬೆಳೀತು. ಸ್ಟ್ರೆಪ್ಟೋಕಾಕಸ್ ವಿರಿಡಾನ್ಸ್ ಅನ್ನೋ ಗುಂಪಿನದು. ಎಲ್ಲಾರ ಬಾಯಾಗೂ ಇರೋ ಕ್ರಿಮಿ ಇದು, ನನ್ನ ಬಾಯಾಗೂ, ನಿಮ್ಮ ಬಾಯಾಗೂ.

ನನ್ನ ಮಗಳು ಮೈಕ್ರೋಬಯಾಲಜಿ ಓದಲಿಕತ್ತಾಳ. ಗುಳಗಿ ಕೊಟ್ರ ಯಾಕ ಬೆಳಿಯೂದಿಲ್ಲಾ ಅಂತ ಅಕಿನ ನನಗ ತಿಳಿಯೋ ಹಂಗ ಹೇಳಿದ್ಲು. "ಹಾಲು ಕುದಿ ಕುದಿ ಇರೋವಾಗ ಹೆಪ್ಪು ಹಾಕಿದ್ರ ಮೊಸರಾಗ್ತದೇನವ್ವಾ? ಹೆಪ್ಪಿನ ಜೀವ ಹೋಗಿರ್ತದ. ನಿನ್ನ ನಾಲ್ಕು ಗುಳಗಿ ಅಷ್ಟ ಮಾಡಿದ್ದು. ರೋಗ ಹೋಗಲಿಕ್ಕೆ ಸಾಲಲಿಲ್ಲಾ, ಬಾಟ್ಲಿ ಒಳಗ ಬೆಳೀಲಾರದಂಗ ಮಾಡ್ಲಿಕ್ಕೆ ಸಾಕಾತು." ಮೊಸರು ಹಾಕೋವಾಗ ದಿನಾ ಅಕಿ ಮಾತು ನೆನಪಾಗ್ತದ.

ಮತ್ತ ಬಾಯಿಂದ ಮೊಣಕಾಲಿಗೆ ಹೆಂಗ ಹೋತು? ರಕ್ತದ ದಾರಿ ಹಿಡದು. ಒಸಡು ಅಂದ್ರ ಬರೇ ಹೊದಿಕಿ ಅಲ್ಲಾ, ಅದರ ತುಂಬ ಸಣ್ಣ ಸಣ್ಣ ರಕ್ತನಾಳ. ನಾವು ಊಟಾ ಮಾಡಿದಾಗ, ಹಲ್ಲು ತಿಕ್ಕಿದಾಗ ಸುದ್ಧಾ ಒಂದಿಷ್ಟು ಕ್ರಿಮಿ ರಕ್ತಕ್ಕ ಸೇರತಾವಂತ. ಒಸಡು ಗಟ್ಟಿ ಇದ್ದವರಿಗೆ ಕಡಿಮಿ, ಊದಿ ಕೀವು ಆಗಿದ್ದವರಿಗೆ ಜಾಸ್ತಿ. ಸೇರಿದ್ರೂ ನಮ್ಮ ಮೈ ಅವನ್ನ ಸ್ವಲ್ಪ ಹೊತ್ತಿನ್ಯಾಗ ಕೊಂದು ಹಾಕ್ತದ, ನಮಗ ಗೊತ್ತೂ ಆಗೂದಿಲ್ಲಾ. ಎಲ್ಲೋ ಒಬ್ಬರಿಗೆ ಅವು ಕೂಡಲಿಕ್ಕೆ ಜಾಗಾ ಸಿಗ್ತದ. ಕೂಡಿಸಿದ ಕೀಲಿನ ಲೋಹದ ಮ್ಯಾಲೆ ಕೂಡತಾವ, ಇಲ್ಲಾ ಮೊದಲ ಕೆಟ್ಟಿದ್ದ ಹೃದಯದ ಕವಾಟದ ಮ್ಯಾಲೆ ಕೂಡತಾವ. ಅದಕ್ಕ ಅತ್ತಿಯವರ ಹೃದಯಕ್ಕೂ ಸ್ಕ್ಯಾನ್ ಮಾಡಿಸಿದ್ರು. ದೇವರ ದಯಾ, ಅಲ್ಲೇನೂ ಇರಲಿಲ್ಲಾ.

ಹೃದಯದ ಮಾತು ಹೇಳೋದು ಯಾಕಂದ್ರ, ನಮ್ಮ ಕಡೆ ಸಣ್ಣವರಿದ್ದಾಗ ಗಂಟಲು ಬ್ಯಾನಿ, ಕೀಲು ಬ್ಯಾನಿ ಬಂದು ಕವಾಟ ಕೆಟ್ಟವರು ಭಾಳ ಮಂದಿ ಇದ್ದಾರ. ಅಂಥವರ ಕವಾಟದ ಮ್ಯಾಲೆ ಬಾಯಿ ಕ್ರಿಮಿ ಕೂತ್ರ ವಾರಗಟ್ಟಲೆ ಸಣ್ಣ ಜ್ವರ, ಸುಸ್ತು, ಮೈ ಇಳಿಯೋದು, ಇಷ್ಟ ಕಾಣ್ತದಂತ. ಮನ್ಯಾಗ ನಾವು ದೃಷ್ಟಿ ತಗದು, ಕಷಾಯ ಕುಡಿಸಿ ಕೂಡತೀವಿ. ಈ ರೋಗ ಹೊಸಾದೇನಲ್ಲಾ. ವಿಲಿಯಂ ಆಸ್ಲರ್ ಅನ್ನೋ ದೊಡ್ಡ ಡಾಕ್ಟರ್ 1885ರಾಗ ಲಂಡನ್ನಿನ್ಯಾಗ ಇದರ ಮ್ಯಾಲೆ ಉಪನ್ಯಾಸ ಕೊಟ್ಟಿದ್ರಂತ. ಪೆನಿಸಿಲಿನ್ ಬರೋಕಿಂತ ಮೊದಲ ಇದು ಬಂದವರು ಉಳಿಯೋದ ಕಮ್ಮಿ ಇತ್ತು.

ಬಾಯಾಗ ಕ್ರಿಮಿ ಇರ್ತಾವ ಅನ್ನೋದು ಅದಕ್ಕೂ ಭಾಳ ಮೊದಲ ಗೊತ್ತಾಗಿತ್ತು. ಹಾಲಂಡಿನ ಲೇವನ್‌ಹುಕ್ ಅನ್ನೋ ಅರಿವಿ ವ್ಯಾಪಾರಿ 1683ರಾಗ ತನ್ನ ಹಲ್ಲಿನ ಸಂದಿಯ ಬಿಳೇ ಹಿಟ್ಟಿನಂಥಾದ್ದನ್ನ ತಗದು ತಾನೇ ಮಾಡಿದ ಮಸೂರದಾಗ ನೋಡಿದ್ರ, ಅದರ ತುಂಬ ಸಣ್ಣ ಜೀವಗಳು ಓಡಾಡತಿದ್ವಂತ. ಅತ್ತಿಯವರಿಗೆ ಇದನ್ನ ಹೇಳಿದಾಗ "ಅರಿವಿ ಅಂಗಡಿ ಬಿಟ್ಟು ಅವನಿಗೆ ಬ್ಯಾರೆ ಕೆಲಸ ಇರಲಿಲ್ಲೇನ" ಅಂದ್ರು. ಅವರಿಗೆ ಅಷ್ಟು ಮಾತು ಬಂದದ್ದು ನೋಡಿ ನಮಗ ಜೀವ ಬಂತು.

ಹಂಗಂತ ನಾಳೆ ಎಲ್ಲಾರೂ ಮೊಣಕಾಲ ನೋವಿಗೆ ಹಲ್ಲು ಕೀಳಸಲಿಕ್ಕೆ ಹೋಗಬ್ಯಾಡ್ರಿ. ಹಂಗೂ ಒಂದು ಕಾಲ ಇತ್ತಂತ. 1910ರಾಗ ಲಂಡನ್ನಿನ ವಿಲಿಯಂ ಹಂಟರ್ ಅನ್ನೋ ಡಾಕ್ಟರ್ ಕೆನಡಾಕ್ಕ ಹೋಗಿ, ಎಷ್ಟೋ ರೋಗಕ್ಕ ಬಾಯಿ ಹೊಲಸ ಕಾರಣ ಅಂತ ಭಾಷಣ ಮಾಡಿದ್ರು. ಆಮ್ಯಾಲೆ ಎಷ್ಟೋ ವರ್ಷ, ಕೀಲು ನೋವು ಅಂದ್ರ ಹಲ್ಲು ಕಿತ್ತರು, ತಲಿ ಕೆಟ್ಟದ ಅಂದ್ರ ಹಲ್ಲು ಕಿತ್ತರು. ಪಾಪ, ಛಲೋ ಹಲ್ಲೂ ಹೋದ್ವು, ನೋವೂ ಉಳೀತು. ನಮ್ಮ ವಯಸ್ಸಿನವರ ಮೊಣಕಾಲ ನೋವು ಸಾಮಾನ್ಯ ಸವಕಳಿ ನೋವು. ಕೂಡಿಸಿದ ಮೊಣಕಾಲಿಗೆ ಯಾವುದರ ಒಂದು ಕ್ರಿಮಿ ಹತ್ತೋದು ನೂರಕ್ಕ ಒಂದಿಬ್ಬರಿಗೆ. ಅದರಾಗ ಬಾಯಿ ಕ್ರಿಮಿ ಇನ್ನೂ ಕಡಿಮಿ. ಆ ಕಡಿಮಿ ಒಳಗ ನಮ್ಮ ಅತ್ತಿಯವರು ಬಂದ್ರು.

ಮುರದ ಹಲ್ಲನ್ನ ದವಾಖಾನ್ಯಾಗ ಇದ್ದಾಗನ ತಗಸಿದ್ವಿ. ಮೂಲ ಅಲ್ಲೇ ಬಿಟ್ಟು ಮೊಣಕಾಲಿಗೆ ಔಷಧ ಕೊಟ್ರ ಏನ ಉಪಯೋಗ. ತೋಳಿನ್ಯಾಗ ಒಂದು ಉದ್ದನ್ನ ಸಣ್ಣ ನಳಿಗಿ ಹಾಕಿ, ದಿನಕ್ಕೊಂದು ಸಲ ಸೆಫ್ಟ್ರಿಯಾಕ್ಸೋನ್ ಅನ್ನೋ ಔಷಧ, ಆರು ವಾರ. ಅದು ಮುಗದ ಮ್ಯಾಲೆ ಮತ್ತ ಗುಳಗಿ. ಮನಿಗೆ ಬಂದ ಮ್ಯಾಲೆ ನರ್ಸ ದಿನಾ ಬಂದು ಹಾಕಿ ಹೋಗೋಕಿ. ನರಕ ಚತುರ್ದಶಿ ದಿವಸ ತೋಳಿಗೆ ಪ್ಲಾಸ್ಟಿಕ್ ಸುತ್ತಿ, ಕುರ್ಚಿ ಮ್ಯಾಲೆ ಕೂಡಿಸಿ ಕಾಲಿಗಷ್ಟ ಎಣ್ಣಿ ಹಚ್ಚಿ ಆರತಿ ಮಾಡಿದ್ವಿ. ಅದಕ್ಕ ಯಾರನ್ನೂ ಕರೀಲಿಲ್ಲಾ.

ಈಗ ಅವರು ಕೋಲು ಹಿಡಕೊಂಡು ತುಳಸಿ ಕಟ್ಟಿ ತನಕ ಹೋಗಿ ಬರ್ತಾರ. ಮಾಳಗಿ ಇನ್ನೂ ಹತ್ತಿಲ್ಲಾ. ಎಲಿ ಅಡಕಿ ಬಿಟ್ಟಾರ. ಕುಟ್ಟಾಣಿ ಒಳಗ ಈಗ ನಾ ಯಾಲಕ್ಕಿ ಕುಟ್ತೀನಿ.

ನಾವು ಹೆಂಗಸೂರು ಮನ್ಯಾಗ ಮಾಡಬಹುದಾದಷ್ಟು ಹೇಳ್ತೀನಿ, ಡಾಕ್ಟರ್ ಹೇಳಿದ್ದ. ಕೀಲು ಬದಲಿ ಮಾಡಿಸಿದವರಿಗೆ, ಕವಾಟ ಬದಲಿ ಮಾಡಿಸಿದವರಿಗೆ ಚಳಿ ಜ್ವರ ಬಂದ್ರ, ಇಲ್ಲಾ ಆ ಕೀಲು ಊದಿ ಬಿಸಿ ಆದ್ರ, ಒಂದು ದಿವಸನೂ ಕಾಯಬ್ಯಾಡ್ರಿ, ಹಬ್ಬ ಇದ್ರೂ ಹೋಗ್ರಿ. ರಕ್ತ ತಗೊಳ್ಳೋ ಮೊದಲ ಮನ್ಯಾಗಿನ ಆಂಟಿಬಯಾಟಿಕ್ ಕೊಡಬ್ಯಾಡ್ರಿ. ಕೊಟ್ಟಿದ್ರ ಯಾರ ಮುಂದ ಅವಮಾನ ಆದ್ರೂ ಆಗಲಿ, ಹೇಳ್ರಿ. ಕವಾಟ ಬದಲಿ ಆದವರು, ಒಮ್ಮೆ ಹೃದಯಕ್ಕ ಈ ರೋಗ ಬಂದು ಹೋದವರು ಹಲ್ಲು ಕೀಳಸೋಕಿಂತ ಮೊದಲ ಒಂದು ಸಲ ಔಷಧ ತಗೋಬೇಕಾಗ್ತದ, ದಂತ ವೈದ್ಯರಿಗೆ ಮೊದಲ ತಿಳಸ್ರಿ. ಮೊಣಕಾಲು ಬದಲಿ ಆದವರಿಗೆ ಸಾಮಾನ್ಯ ಅದು ಬೇಕಾಗೂದಿಲ್ಲಾ ಅಂದ್ರು, ಆದ್ರೂ ತಮ್ಮ ಡಾಕ್ಟರ್ನ ಕೇಳಿಕೊಳ್ಳೋದು ಛಲೋ. ಮೊಣಕಾಲಿನ ಆಪರೇಶನ್ ಮಾಡಸೋರು ಮೊದಲ ಹಲ್ಲು ಸರಿ ಮಾಡಿಸಿಕೊಂಡು ಹೋಗ್ರಿ.

ಮೊಮ್ಮಕ್ಕಳು ಇದ್ದವರಿಗೆ ಇನ್ನೊಂದು ಮಾತು. ನಾಲ್ಕು ವರ್ಷದೊಳಗಿನ ಕೂಸುಗಳ ಗಂಟಲಿನ್ಯಾಗ ಕಿಂಗೆಲ್ಲಾ ಅನ್ನೋ ಕ್ರಿಮಿ ಇರ್ತದ. ಅದೂ ಎಲ್ಲೋ ಒಂದು ಕೂಸಿಗೆ ಹಿಂಗ ರಕ್ತದಾಗ ಹೋಗಿ ಕೀಲಿನ್ಯಾಗ ಕೂಡತದ. ಜ್ವರ ಭಾಳ ಇರೂದೂ ಇಲ್ಲಾ. ನಿನ್ನೆ ತನಕ ಓಡಾಡತಿದ್ದ ಕೂಸು ಇವತ್ತು ಕಾಲು ಊರವೊಲ್ದು ಅಂದ್ರ ಉಳುಕಿರಬೇಕು ಅಂತ ಎಣ್ಣಿ ತಿಕ್ಕಿಕೋತ ಕೂಡಬ್ಯಾಡ್ರಿ, ತೋರಸ್ರಿ.

ಆ ಸ್ಟೀಲಿನ ಡಬ್ಬಿ ನಾ ಖಾಲಿ ಮಾಡಿದೆ. ಆಮ್ಯಾಲೆ ಒಂದು ದಿವಸ ಅತ್ತಿಯವರು ಮಂಚದ ಮ್ಯಾಲಿಂದನ ನನಗ ಕೇಳಿದ್ರು, "ನೀ ಎರಡು ವರ್ಷದಿಂದ ಬಲಗಡೆ ತಿನ್ನವೊಲ್ಲಿ. ನನ್ನ ಕಣ್ಣಿಗೆ ಕಾಣೂದಿಲ್ಲಾ ಅಂತ ಮಾಡೀಯೇನು?" ಖರೇನ. ಮ್ಯಾಲಿನ ಹಲ್ಲಿನ್ಯಾಗ ತೂತು ಬಿದ್ದು ಎರಡು ವರ್ಷ ಆಗಿತ್ತು. ಮನಿಮಂದಿ ಎಲ್ಲಾರಿಗೂ ಬಡಿಸಿ ನಾ ಒಂದು ಕಡೆ ತಿಂದು ಏಳತಿದ್ದೆ. ಯಾರೂ ನೋಡಿಲ್ಲಾ ಅನಕೊಂಡಿದ್ದೆ.

ಮರುದಿವಸನ ಹೋದೆ. ಮೂರು ಸಲ ಕರದು ಬೇರಿನ ತನಕ ಸ್ವಚ್ಛ ಮಾಡಿ ಟೋಪಿ ಹಾಕಿದ್ರು. ಸುಂಯ್ ಅನ್ನೋ ಮಶೀನಿಗೆ ಹೆದರಿಕೋತಿದ್ದೆ, ಅಂಥಾ ನೋವೇನೂ ಆಗಲಿಲ್ಲಾ. ಹೋಗಿ ಬರೋದು ಒಂದು ತಾಸಿನ ಕೆಲಸ. ಪಂಚಮಿ ಮರುದಿವಸ ಆ ಒಂದು ತಾಸು ಅತ್ತಿಯವರ ಸಲುವಾಗಿ ನನಗ ಸಿಗಲಿಲ್ಲಾ ಅನ್ನೋದು ಕುರ್ಚಿ ಮ್ಯಾಲೆ ಬಾಯಿ ತಗದು ಕೂತಾಗ ಭಾಳ ನೆನಪಾತು.

ಈಗ ನಾದಿನಿ ಫೋನಿನ ಹಾದಿ ಕಾಯಲಿಕತ್ತೀನಿ. ಅಕಿ ಬೈದ್ರೂ ಬೈಲಿ, ಬೈದು ಮುಗದ ಮ್ಯಾಲೆ ಅಕಿ ಹಲ್ಲಿಂದೂ ಕೇಳತೀನಿ. ಸಂಕ್ರಮಣಕ್ಕ ಬಂದಾಗ ಅಕಿನೂ ಎಡಗಡೆನ ಅಗೀತಿದ್ಲು, ನಾನೂ ನೋಡೀನಿ.